ಆಕಾಶಕ್ಕೆ ಹಾಕಿದ ತೇಪೆ

ಆ ದಿನ ಶುರುವಾದದ್ದು ಜಗಳದಿಂದ. ದೊಡ್ಡ ಜಗಳವೇನಲ್ಲ, ಇದ್ದಿಲಿನದ್ದು. ಒಣಗಿದ ಇದ್ದಿಲು ಮೂಟೆಯ ತಳದಲ್ಲಿತ್ತು, ನೆನೆದದ್ದು ಮೇಲಿತ್ತು.

“ಬುದ್ಧಿ ಇರೋರು ಒಣಗಿದ್ದನ್ನ ಮೇಲಿಡ್ತಾರೆ,” ಎಂದಳು ಹೆಂಡತಿ.

“ಬುದ್ಧಿ ಇರೋರು ನಿನ್ನನ್ನ ಕಟ್ಟಿಕೊಳ್ತಿದ್ರಾ?” ಎಂದ ಗಂಡ.

ಅಲ್ಲಿಗೆ ಜಗಳ ಮುಗಿಯಿತು. ನಲವತ್ತೊಂದು ವರ್ಷದಿಂದ ಅವರ ಜಗಳಗಳು ಇಷ್ಟೇ ಉದ್ದ.

ಅಂಗಡಿ ಎರಡು ಬಾಗಿಲಿನಷ್ಟು ಅಗಲ. ಎಡಗಡೆ ಅವನ ಮೇಜು, ಅದರ ಮೇಲೆ ಹಳೆಯ ಕಂಬಳಿ, ಕಂಬಳಿಯ ಮೇಲೆ ಬಿಳಿ ಬಟ್ಟೆ, ಅಂಚಿನಲ್ಲಿ ಇಸ್ತ್ರಿಪೆಟ್ಟಿಗೆ ಇಡುವ ಕಲ್ಲು. ಬಲಗಡೆ ಅವಳ ಗಿಡ್ಡ ಸ್ಟೂಲು, ಸೂಜಿಡಬ್ಬಿ. ಅವನು ಇಸ್ತ್ರಿ ಹಾಕುತ್ತಿದ್ದ, ಅವಳು ಹರಿದದ್ದನ್ನು ಸರಿ ಮಾಡುತ್ತಿದ್ದಳು. ಬೀದಿಯವರಿಗೆ ಅವನು ಇಸ್ತ್ರಿ ತಾತ, ಅವಳು ತೇಪೆಯಮ್ಮ.

ತೇಪೆ ಎಂದರೆ ಅವಳಿಗೆ ಮೈ ಉರಿ. ತೇಪೆ ಹಾಕುವವರು ಬೇರೆ. ಅವಳು ಬಟ್ಟೆಯ ಮಡಿಕೆಯೊಳಗಿಂದ ಅದೇ ಬಟ್ಟೆಯ ನೂಲು ಎಳೆದು, ತೂತಿನ ಉದ್ದಗಲಕ್ಕೆ ಒಂದು ಮೇಲೆ ಒಂದು ಕೆಳಗೆ ನೇಯ್ದು ಮುಚ್ಚುತ್ತಿದ್ದಳು. ತೂತು ಎಲ್ಲಿತ್ತು ಎಂದು ಬಟ್ಟೆಯವರೇ ಹುಡುಕಿ ಸೋಲಬೇಕು. ಇದನ್ನು ಅವಳು ಶಾಲೆಯಲ್ಲಿ ಕಲಿತದ್ದಲ್ಲ. ಶಾಲೆ ಅವಳಿಗೆ ಮೂರನೇ ಕ್ಲಾಸಿಗೇ ಮುಗಿದಿತ್ತು. ಗಂಡ ಸುಟ್ಟ ಬಟ್ಟೆಗಳಿಂದ ಕಲಿತದ್ದು. ಇದ್ದಿಲ ಪೆಟ್ಟಿಗೆ ಕಿಡಿ ಉಗುಳುತ್ತದೆ. ಕಿಡಿ ಬಿದ್ದಲ್ಲಿ ತೂತು. ಗಿರಾಕಿ ಬರುವ ಹೊತ್ತಿಗೆ ಅವಳು ಅದನ್ನು ಮುಚ್ಚಿರುತ್ತಿದ್ದಳು. ಆ ಅಂಗಡಿಯ ಗುಟ್ಟು ಅದೊಂದೇ.

ಇಸ್ತ್ರಿ ತಾತನಿಗೆ ಒಂದು ಹುಚ್ಚಿತ್ತು. ಇಸ್ತ್ರಿಯಾದ ಬಟ್ಟೆ ಸುತ್ತಲು ಹಳೆಯ ಪತ್ರಿಕೆ ಬರುತ್ತಿತ್ತಲ್ಲ, ಅದರಲ್ಲಿ ಆಕಾಶದ ಸುದ್ದಿ ಇದ್ದ ಹಾಳೆ ಯಾರ ಬಟ್ಟೆಗೂ ಹೋಗುತ್ತಿರಲಿಲ್ಲ. ಕತ್ತರಿಸಿ ಬಿಸ್ಕತ್ತಿನ ಡಬ್ಬಕ್ಕೆ ಹಾಕುತ್ತಿದ್ದ. ಏಳನೇ ಕ್ಲಾಸಿಗೆ ಓದು ಬಿಟ್ಟವನು. ಮೂರು ಡಬ್ಬ ತುಂಬುವ ಹೊತ್ತಿಗೆ ಎದುರು ಶಾಲೆಯ ಮಕ್ಕಳಿಗೆ ಪಾಠ ಹೇಳುವಷ್ಟಾಗಿದ್ದ.

ಅಂದೂ ಗಂಟೆ ಹೊಡೆಯುವ ಮೊದಲು ನಾಲ್ಕಾರು ಮಕ್ಕಳು ಮೇಜಿಗೆ ಆತು ನಿಂತಿದ್ದರು. ಮುಂದೆ ನಿಂತವಳು ಸ್ವಂತ ಮೊಮ್ಮಗಳು, ಪಕ್ಕದ ಬೀದಿಯಲ್ಲಿರುವ ಮಗಳ ಮಗಳು. ಏಳನೇ ಕ್ಲಾಸು. ಬಾಯಿ ತೆರೆದರೆ ಪ್ರಶ್ನೆ. ಅದಕ್ಕೇ ತಾತ ಅವಳಿಗೆ ಇಟ್ಟ ಹೆಸರು ಪ್ರಶ್ನೆಪತ್ರಿಕೆ.

“ತಾತ, ನೀಲಿ ನಕ್ಷತ್ರ ತಣ್ಣಗಿರುತ್ತೆ, ಕೆಂಪು ನಕ್ಷತ್ರ ಬಿಸಿ ಇರುತ್ತೆ, ಅಲ್ವಾ?”

“ಯಾರು ಹೇಳಿದ್ದು?”

“ನಮ್ಮ ಬಚ್ಚಲ ನಲ್ಲಿ. ನೀಲಿ ಗುರುತಿನದು ತಣ್ಣೀರು, ಕೆಂಪು ಗುರುತಿನದು ಬಿಸಿನೀರು.”

“ನಲ್ಲಿ ಹೇಳಿದ್ದನ್ನ ಆಕಾಶ ಕೇಳಲ್ಲ ಕಣೇ.” ಅವನು ಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟು ಮುಚ್ಚಳ ಎತ್ತಿದ. “ನೋಡು. ಈ ಮೂಲೆ ಕೆಂಡ ಮಂಕು ಕೆಂಪು. ಈ ಕಡೆ ಗಾಳಿ ಹೊಡೀತಿದೆ, ಹಳದಿಗೆ ತಿರುಗಿದೆ. ಯಾವುದು ಜಾಸ್ತಿ ಬಿಸಿ?”

“ಹಳದಿ.”

“ಹಾಂ. ಇನ್ನೂ ಬಿಸಿ ಏರಿದ್ರೆ ಬಿಳಿ. ಅದಕ್ಕೂ ಮೇಲೆ ನೀಲಿ. ನಮ್ಮ ಪೆಟ್ಟಿಗೆ ಅಲ್ಲೀವರೆಗೆ ಹೋಗಲ್ಲ. ಹೋದ್ರೆ ಅಂಗಡೀನೇ ಇರಲ್ಲ. ನಕ್ಷತ್ರದಲ್ಲೂ ಲೆಕ್ಕ ಅದೇ. ಕೆಂಪು ಎಲ್ಲಕ್ಕಿಂತ ತಣ್ಣಗೆ, ನೀಲಿ ಎಲ್ಲಕ್ಕಿಂತ ಬಿಸಿ.”

“ಹಾಗಾದ್ರೆ ನಕ್ಷತ್ರದೊಳಗೆ ಇದ್ದಿಲು ಇದೆಯಾ?”

“ಇಲ್ಲ. ಅಲ್ಲಿ ನಡೆಯೋದು ನಮ್ಮ ಒಲೆ ಉರಿಯೋ ಥರದ್ದಲ್ಲ. ಹೈಡ್ರೋಜನ್ ಅಂತ ಹಗುರ ಗ್ಯಾಸು ಇದೆ. ರಾಶಿ ರಾಶಿ. ಅದರ ಭಾರ ಅದನ್ನೇ ಒಳಕ್ಕೆ ಒತ್ತುತ್ತೆ. ಒತ್ತಿ ಒತ್ತಿ ನಡುಮಧ್ಯ ಎಷ್ಟು ಬಿಸಿ ಆಗುತ್ತೆ ಅಂದ್ರೆ, ಹೈಡ್ರೋಜನ್ ಒಂದಕ್ಕೊಂದು ಬೆಸೆದು ಹೀಲಿಯಂ ಆಗುತ್ತೆ. ಆಗ ಹೊರಡೋದೇ ಬೆಳಕು, ಶಾಖ. ಒಳಕ್ಕೆ ಒತ್ತೋದು ಭಾರ, ಹೊರಕ್ಕೆ ತಳ್ಳೋದು ಶಾಖ. ಇಬ್ಬರೂ ಸಮ ಇರೋವರೆಗೂ ನಕ್ಷತ್ರ ನೆಟ್ಟಗಿರುತ್ತೆ.”

“ನೀನೂ ಅಜ್ಜೀನೂ ಇರೋ ಹಾಗೆ.”

“ಹೂಂ.”

“ಒತ್ತೋದು ಯಾರು?”

“ಅದನ್ನ ಬೇರೆ ಬಾಯಿಬಿಟ್ಟು ಹೇಳಬೇಕಾ?” ಎಂದು ತಾತ ಸ್ಟೂಲಿನ ಕಡೆ ಕಣ್ಣು ಹಾಯಿಸಿದ.

“ಹೇಳಿ, ಹೇಳಿ. ಅಷ್ಟರಲ್ಲಿ ಆ ಅಂಗಿ ಮೇಲೆ ಕಿಡಿ ಬಿತ್ತು,” ಎಂದಳು ಅವಳು. ನಿಜವಾಗಿಯೂ ಬಿದ್ದಿತ್ತು.

ಹತ್ತು ಗಂಟೆಗೆ ಅವನು ಸೈಕಲ್ಲಿಗೆ ಗಂಟು ಕಟ್ಟಿಕೊಂಡು ದೂರದ ಮನೆಗಳಿಗೆ ಬಟ್ಟೆ ಕೊಡಲು ಹೋದ. ಅವಳು ಪೊರಕೆ ಹಿಡಿದು ಅವನ ಮೇಜಿನ ಕೆಳಗೆ ಬಗ್ಗಿದಳು. ಹಿಂದಿನ ಮೂಲೆಯಲ್ಲಿ, ಗೋಣಿಚೀಲದ ಹಿಂದೆ, ಮಡಿಸಿ ತುರುಕಿದ ಕಪ್ಪು ಬಟ್ಟೆ ಸಿಕ್ಕಿತು. ಎಳೆದು ಬಿಡಿಸಿದಳು. ಎದುರು ಶಾಲೆಯ ವಿಜ್ಞಾನದ ಕೋಣೆಯ ಪರದೆ. ದಪ್ಪ, ಅಗಲ, ಒಳ್ಳೆಯ ಬಟ್ಟೆ. ತುಂಬ ತೂತು. ಪ್ರತಿ ತೂತಿನ ಅಂಚೂ ಕಂದು. ಸುಟ್ಟ ಅಂಚನ್ನು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅವಳು ತೂತುಗಳ ಮೇಲೆ ಬೆರಳಾಡಿಸಿದಳು. ಒಂದು ಕಿಡಿಯಲ್ಲ, ಪೆಟ್ಟಿಗೆಯ ಕೆಂಡವನ್ನೆಲ್ಲ ಇದರ ಮೇಲೆ ಚೆಲ್ಲಿದ್ದಾರೆ ಇವರು. ಚೆಲ್ಲಿ, ಹೇಳಲು ಹೆದರಿ, ಬಚ್ಚಿಟ್ಟಿದ್ದಾರೆ. ಎಷ್ಟು ದಿನದಿಂದ ಒಳಗೊಳಗೇ ಬೇಯುತ್ತಿದ್ದಾರೋ ಪಾಪ.

ಅಂಗಡಿಯ ಒಂದು ಬಾಗಿಲು ಹಾಕಿದಳು. ಕನ್ನಡಕ ಏರಿಸಿದಳು. ಮೊದಲು ಎಲ್ಲಕ್ಕಿಂತ ದೊಡ್ಡ ತೂತು ಹಿಡಿದಳು, ಕಣ್ಣು ದಣಿಯುವ ಮೊದಲೇ ಅದು ಮುಗಿಯಲಿ ಎಂದು. ಆಮೇಲೆ ಉಳಿದವು. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಸಂಜೆ ಸೈಕಲ್ಲಿನ ಗಂಟೆ ಕೇಳುವ ಹೊತ್ತಿಗೆ ಕೊನೆಯ ನೂಲು ಕತ್ತರಿಸಿದ್ದಳು.

ಪರದೆಯನ್ನು ಮೇಜಿನ ಮೇಲೆ ಹಾಸಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಯಾಕೆ ಬಚ್ಚಿಟ್ಟಿದ್ರಿ? ನಾನೇನು ನುಂಗಿಬಿಡ್ತಿದ್ನಾ? ನೋಡಿ. ಒಂದಾದ್ರೂ ತೂತು ಕಾಣುತ್ತಾ?”

ಅವನು ಪರದೆ ಎತ್ತಿ ದೀಪಕ್ಕೆ ಹಿಡಿದ. ಆ ಕಡೆಯಿಂದ ಈ ಕಡೆಗೆ ನೋಡಿದ. ನಿಧಾನವಾಗಿ ನೆಲದ ಮೇಲೆ ಕೂತ.

“ಎಷ್ಟು ಮುಚ್ಚಿದೆ?”

“ಎಪ್ಪತ್ತಮೂರು.”

“ಒಂದೂ ಬಿಟ್ಟಿಲ್ವಾ?”

“ನಾನು ಯಾವತ್ತಾದ್ರೂ ಬಿಟ್ಟಿದೀನಾ?”

ಅವನು ನಗಲು ಶುರು ಮಾಡಿದ. ಮೊದಲು ಸದ್ದಿಲ್ಲದೆ, ಹೆಗಲು ಕುಣಿಸಿ. ಆಮೇಲೆ ಬೀದಿಯವರು ಇಣುಕುವಷ್ಟು ಜೋರಾಗಿ. ಕಣ್ಣಲ್ಲಿ ನೀರು ಬಂತು.

“ಅಯ್ಯೋ ಪುಣ್ಯಾತ್ಗಿತ್ತಿ! ಆಕಾಶಕ್ಕೇ ತೇಪೆ ಹಾಕಿಬಿಟ್ಟೆಯಲ್ಲೇ!”

ನಗುವಿನ ನಡುವೆ ಅವನು ಹೇಳಿದ ಮೇಲೆ ಅವಳಿಗೆ ಗೊತ್ತಾಯಿತು. ಅವು ಕಿಡಿಯ ತೂತುಗಳಲ್ಲ. ಒಂದು ತಿಂಗಳಿಂದ, ಅವಳು ಮಧ್ಯಾಹ್ನ ಅಡ್ಡಾದಾಗಲೆಲ್ಲ, ಅವನು ತಂತಿ ಕಾಯಿಸಿ ಒಂದೊಂದೇ ಸುಟ್ಟದ್ದು. ಒಂದೊಂದು ತೂತು ಒಂದೊಂದು ನಕ್ಷತ್ರ. ವಿಜ್ಞಾನದ ಕೋಣೆಯ ಕಿಟಕಿಗೆ ಬೆಳಗಿನ ಬಿಸಿಲು ನೇರ ಬೀಳುತ್ತದೆ. ಪರದೆ ಎಳೆದರೆ ಕೋಣೆ ಕತ್ತಲು, ತೂತಿನಲ್ಲಿ ಮಾತ್ರ ಬೆಳಕು. ನಕ್ಷತ್ರದ ಹುಟ್ಟು ಸಾವಿನ ಮೇಲೆ ಏಳನೇ ಕ್ಲಾಸಿಗೆ ಒಂದು ಪಾಠ ಮಾಡಲು ವಿಜ್ಞಾನದ ಮೇಡಂ ಅವನಿಗೆ ಒಪ್ಪಿಗೆಯನ್ನೂ ಪರದೆಯನ್ನೂ ಕೊಟ್ಟಿದ್ದರು. ಇನ್ನು ಇಪ್ಪತ್ತು ದಿನವಿತ್ತು. ಒಳ್ಳೆಯ ಬಟ್ಟೆ ಸುಡುತ್ತಿದ್ದೀರಿ ಎಂದು ಬೈಸಿಕೊಳ್ಳಬೇಕಾಗುತ್ತದಲ್ಲ ಎಂದು ಹೆಂಡತಿಗೆ ಹೇಳಿರಲಿಲ್ಲ.

“ತೇಪೆ ಅನ್ನಬೇಡಿ,” ಎಂದಳು ಅವಳು.

“ಬಿಡು. ನಾಳೆ ಇಬ್ಬರೂ ಕೂತು ಬಿಚ್ಚೋಣ. ನೀನು ಬಿಚ್ಚು, ನಾನು ಯಾವುದು ಯಾವ ನಕ್ಷತ್ರ ಅಂತ ಹೇಳ್ತೀನಿ.”

ಮಲಗಿದ ಮೇಲೂ ಎರಡು ಸಲ ನಕ್ಕ. ಬೆಳಿಗ್ಗೆ ಏಳಲಿಲ್ಲ. ಹೃದಯ ನಿಂತಿದೆ ಎಂದರು ಡಾಕ್ಟರು. ಅಷ್ಟೇ.

ಜನ ಬಂದರು, ಕೂತರು, ಹೋದರು. ಪಕ್ಕದ ಮನೆಯಾಕೆ ಅವಳ ಕೈ ಹಿಡಿದು, “ಅಳಬೇಡಿ, ಅವರು ನಕ್ಷತ್ರ ಆಗಿದ್ದಾರೆ,” ಎಂದಳು.

“ನಕ್ಷತ್ರ ಅಂದ್ರೆ ಗ್ಯಾಸು,” ಎಂದಳು ತೇಪೆಯಮ್ಮ. “ಅವರಿಗೆ ಇದ್ದಾಗಲೇ ಗ್ಯಾಸಿನ ತೊಂದರೆ ಸಾಕಾಗಿತ್ತು.”

ಮೊಮ್ಮಗಳು ಮೂಲೆಯಲ್ಲಿ ಅಳುತ್ತಿದ್ದವಳು ಫಕ್ಕನೆ ನಕ್ಕಳು. ನಕ್ಕದ್ದಕ್ಕೆ ಅವಳಮ್ಮ ಕಣ್ಣು ಬಿಟ್ಟಳು. ಆಮೇಲೆ ಅವಳಮ್ಮನೂ ನಕ್ಕಳು.

ಹನ್ನೆರಡು ದಿನವಾದ ಮೇಲೆ ವಿಜ್ಞಾನದ ಮೇಡಂ ಅಂಗಡಿಗೆ ಬಂದರು. “ಪಾಠ ಪುಸ್ತಕದಿಂದಲೇ ಮಾಡಿಬಿಡ್ತೀನಿ ಅಮ್ಮ. ಪರದೆ ನಿಧಾನಕ್ಕೆ ಕೊಡಿ,” ಎಂದರು.

“ಯಾವ ದಿನ ಅಂತಿತ್ತು?”

“ಸೋಮವಾರ. ಇನ್ನು ಒಂದು ವಾರ.”

“ಅದೇ ದಿನ ಇರಲಿ. ಪರದೆ ನಾನು ತರ್ತೀನಿ. ಪಾಠ ಮೊಮ್ಮಗಳು ಹೇಳ್ತಾಳೆ.”

ಒಂದು ತಿಂಗಳು ಕೂತು ಅವನು ತೆರೆದದ್ದನ್ನು ಅವಳು ಒಂದೇ ದಿನದಲ್ಲಿ ಮುಚ್ಚಿದ್ದಳು. ಸೋಮವಾರದೊಳಗೆ ಬಿಚ್ಚದಿದ್ದರೆ ಅವನ ಪಾಠ ಅವಳ ಸೂಜಿಯಿಂದಲೇ ಕೆಟ್ಟಂತೆ. ಅದನ್ನು ಹೊತ್ತುಕೊಂಡು ಬದುಕಲು ಅವಳು ತಯಾರಿರಲಿಲ್ಲ.

ಬಿಚ್ಚಲು ಕೂತಳು. ಕೂತ ಮೇಲೆ ಗೊತ್ತಾಯಿತು, ತೂತುಗಳೇ ಸಿಗುತ್ತಿಲ್ಲ. ದೀಪಕ್ಕೆ ಹಿಡಿದರೂ ಇಲ್ಲ, ಬಿಸಿಲಿಗೆ ಹಿಡಿದರೂ ಇಲ್ಲ. ಎಷ್ಟೋ ಗಿರಾಕಿಗಳನ್ನು ಸೋಲಿಸಿದ ಕೆಲಸ ಈಗ ಅವಳನ್ನೇ ಸೋಲಿಸಿತು. ಜೀವನದಲ್ಲಿ ಮೊದಲ ಸಲ, ಕೆಲಸ ಸ್ವಲ್ಪ ಕೆಟ್ಟದಾಗಿ ಮಾಡಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಕಣ್ಣು ಮುಚ್ಚಿ ಬೆರಳಿನಿಂದ ಹುಡುಕಿದಳು. ನೂಲು ಎರಡು ಪದರವಾದಲ್ಲಿ ಬಟ್ಟೆ ಕೂದಲೆಳೆಯಷ್ಟು ಹೆಚ್ಚು ದಪ್ಪ. ಅಲ್ಲಿ ಸೂಜಿ ಇಳಿಸಿ ಎತ್ತಿದರೆ ಒಂದು ಎಳೆ ಬರುತ್ತಿತ್ತು. ಹಿಂದೆಯೇ ಕಂದು ಅಂಚು.

ಮೊಮ್ಮಗಳು ಶಾಲೆ ಬಿಟ್ಟೊಡನೆ ಬಂದು, ಬಿಸ್ಕತ್ತಿನ ಡಬ್ಬದಲ್ಲಿ ಸಿಕ್ಕ ತಾತನ ನೋಟುಬುಕ್ಕು ತೆರೆದುಕೊಂಡು ಎದುರು ಕೂರುತ್ತಿದ್ದಳು. ಅದರಲ್ಲಿ ಪರದೆಯ ಚಿತ್ರ, ತೂತಿಗೊಂದು ನಂಬರು, ಯಾವುದರ ಹಿಂದೆ ಯಾವ ಬಣ್ಣದ ತೆಳು ಕಾಗದ ಅಂಟಿಸಬೇಕು ಎಂದು ಎಲ್ಲ ಬರೆದಿತ್ತು.

“ಈ ದೊಡ್ಡ ನಕ್ಷತ್ರಗಳು ಜಾಸ್ತಿ ಕಾಲ ಬದುಕ್ತಾವೇನೇ?” ಎಂದು ಕೇಳಿದಳು ಅಜ್ಜಿ. “ಸರಕು ಜಾಸ್ತಿ ಇರುತ್ತಲ್ಲ.”

“ಉಲ್ಟಾ ಅಜ್ಜಿ. ದೊಡ್ಡವು ದುಂದುಗಾರರು. ಜೋರಾಗಿ ಬೆಳಗಿ ಕೆಲವೇ ಕೋಟಿ ವರ್ಷದಲ್ಲಿ ಎಲ್ಲಾ ಮುಗಿಸ್ತಾವೆ. ಸಣ್ಣ ಕೆಂಪು ನಕ್ಷತ್ರ ಇದೆಯಲ್ಲ, ಅದು ಜಿಪುಣ. ಚೂರು ಚೂರೇ ಬಳಸಿ ಸೂರ್ಯನಿಗಿಂತ ಎಷ್ಟೋ ಪಾಲು ಜಾಸ್ತಿ ಬಾಳುತ್ತೆ.”

“ಹಾಗಾದ್ರೆ ನಾನು ಸಣ್ಣ ಕೆಂಪು.”

“ತಾತ?”

“ನಿಮ್ಮ ತಾತ ಇದ್ದಿಲು ಸುರಿಯೋದು ನೋಡಿಲ್ವಾ? ದುಂದುಗಾರ.” ಅವಳು ಒಂದು ಎಳೆ ಕಿತ್ತಳು. “ಸೂರ್ಯ?”

“ಸೂರ್ಯ ನಡುವಯಸ್ಸು. ನಾನೂರ ಅರವತ್ತು ಕೋಟಿ ವರ್ಷ ಆಗಿದೆ, ಇನ್ನೂ ಸುಮಾರು ಐನೂರು ಕೋಟಿ ಇದೆ. ಆಮೇಲೆ ಉಬ್ಬಿ ಉಬ್ಬಿ ಕೆಂಪು ದೈತ್ಯ ಆಗುತ್ತೆ. ಹೊರಗಿನ ಪದರ ಎಲ್ಲಾ ಕಳಚಿಕೊಳ್ಳುತ್ತೆ. ನಡುವಿನ ಗಟ್ಟಿ ಉಂಡೆ ಮಾತ್ರ ಉಳಿಯುತ್ತೆ. ಅದು ಬಿಳಿ ಕುಬ್ಜ. ಹೊಸ ಶಾಖ ಹುಟ್ಟಲ್ಲ. ಇರೋ ಬಿಸಿಯಲ್ಲೇ ನಿಧಾನಕ್ಕೆ ಆರುತ್ತೆ.”

“ಸಂಜೆ ಪೆಟ್ಟಿಗೆಯಲ್ಲಿ ಬೂದಿ ಮುಚ್ಚಿ ಬಿಟ್ಟ ಕೆಂಡದ ಹಾಗೆ,” ಎಂದಳು ಅಜ್ಜಿ.

ಮೊಮ್ಮಗಳು ನೋಟುಬುಕ್ಕಿನಿಂದ ತಲೆ ಎತ್ತಿದಳು. “ತಾತನೂ ಇಲ್ಲಿ ಹಾಗೇ ಬರೆದಿದಾರೆ ಅಜ್ಜಿ.”

ಅವಳು ಕನ್ನಡಕ ತೆಗೆದು ಒರೆಸಿದಳು. ಸ್ವಲ್ಪ ಜಾಸ್ತಿ ಹೊತ್ತೇ ಒರೆಸಿದಳು.

ಭಾನುವಾರ ಮಧ್ಯಾಹ್ನಕ್ಕೆ ಎಪ್ಪತ್ತೆರಡು ಆಯಿತು. ಒಂದು ಸಿಗಲಿಲ್ಲ. ಒಂದನೇ ನಂಬರು, ಆರಿದ್ರಾ. ಎಲ್ಲಕ್ಕಿಂತ ದೊಡ್ಡದು, ಅವಳು ಎಲ್ಲಕ್ಕಿಂತ ಮೊದಲು, ಬೆಳಗಿನ ಹೊಸ ಕಣ್ಣಿನಲ್ಲಿ ಮುಚ್ಚಿದ್ದು. ಬೆರಳಿಗೂ ದಕ್ಕಲಿಲ್ಲ.

“ಅದೊಂದು ಬಿಟ್ಟುಬಿಡೋಣ ಬಿಡೇ.”

“ಅದಿಲ್ಲದೆ ಪಾಠವೇ ಇಲ್ಲ ಅಜ್ಜಿ! ಅದು ಮುದಿ ನಕ್ಷತ್ರ. ಮುಂದೆ ಸ್ಫೋಟ ಆಗೋದು ಅದೇ. ತಾತ ಪಾಠದ ಕೊನೆಗೆ ಅದನ್ನೇ ಇಟ್ಟಿದಾರೆ.” ಮೊಮ್ಮಗಳು ಚಿತ್ರದ ಮೇಲೆ ಬೆರಳಿಟ್ಟಳು. “ಇದು ಮಹಾವ್ಯಾಧ, ಬೇಟೆಗಾರ. ಸೊಂಟದಲ್ಲಿ ಸಾಲಾಗಿ ಮೂರು ನಕ್ಷತ್ರ. ಸೊಂಟದ ಕೆಳಗೆ ಕಾಲಲ್ಲಿ ನೀಲಿ ರೀಜೆಲ್. ಸೊಂಟದ ಮೇಲೆ, ಎದುರು ಹೆಗಲಲ್ಲಿ ಆರಿದ್ರಾ. ಕಾಲಿನಿಂದ ಸೊಂಟಕ್ಕೆ ಎಷ್ಟು ದೂರವೋ, ಸೊಂಟದಿಂದ ಹೆಗಲಿಗೂ ಹೆಚ್ಚುಕಮ್ಮಿ ಅಷ್ಟೇ.”

“ಅಷ್ಟೇನಾ? ಮೊದಲೇ ಹೇಳಬಾರದಿತ್ತಾ!”

ಅವಳು ಬಿಳಿ ನೂಲು ಎಳೆದಳು. ಒಂದು ತುದಿ ರೀಜೆಲ್ ಮೇಲೆ ಮೊಮ್ಮಗಳ ಹೆಬ್ಬೆರಳ ಕೆಳಗೆ. ನೂಲನ್ನು ಸೊಂಟದ ನಡು ನಕ್ಷತ್ರದವರೆಗೆ ಬಿಗಿ ಹಿಡಿದಳು, ಅಲ್ಲಿ ಗಂಟು ಹಾಕಿದಳು. ಅದೇ ಗೆರೆಯಲ್ಲಿ ಅಷ್ಟೇ ಉದ್ದ ಮೇಲಕ್ಕೆ ಎಳೆದಳು. ನೂಲು ಮುಗಿದಲ್ಲಿ ಬರಿ ಕಪ್ಪು ಬಟ್ಟೆ. ಅಲ್ಲೇ ಸೂಜಿ ಚುಚ್ಚಿ ಎತ್ತಿದಳು.

ಎಳೆ ಬಂತು.

“ಸಿಕ್ಕಿತು ಅಜ್ಜೀ!”

“ಕಿರುಚಬೇಡ. ಕೈ ನಡುಗುತ್ತೆ.” ಅವಳು ಮುಂದಿನ ಎಳೆಗೆ ಸೂಜಿ ಹಾಕಿದಳು.

ಸೋಮವಾರ ಬೆಳಿಗ್ಗೆ ಪರದೆ ಕಿಟಕಿಗೆ ಏರಿತು. ನಲವತ್ತು ಮಕ್ಕಳು ಬೆಂಚಿನ ಮೇಲೆ. ಮೇಡಂ ಬಾಗಿಲು ಹಾಕಿದರು. ಕೋಣೆ ಕತ್ತಲು. ಏನೂ ಕಾಣಲಿಲ್ಲ. ಬಿಸಿಲು ಇನ್ನೂ ಎದುರಿನ ಮಾಳಿಗೆಯ ಹಿಂದಿತ್ತು. ಹಿಂದಿನ ಬೆಂಚಿನಿಂದ ಯಾರೋ, “ಕರೆಂಟು ಹೋಯ್ತು!” ಎಂದರು. ಎಲ್ಲರೂ ನಕ್ಕರು.

ಆಗ ಸೂರ್ಯ ಮಾಳಿಗೆ ದಾಟಿತು. ಪರದೆಯಲ್ಲಿ ಒಂದು ಬೆಳಗಿತು, ಹತ್ತು ಬೆಳಗಿದವು, ಎಪ್ಪತ್ತಮೂರೂ ಬೆಳಗಿದವು. ಬಿಳಿ, ಹಳದಿ, ನೀಲಿ. ಬೇಟೆಗಾರನ ಹೆಗಲಲ್ಲಿ ಒಂದು ಕೆಂಪು. ನಗು ನಿಂತಿತು.

ಮೊಮ್ಮಗಳು ಮುಂದೆ ಬಂದಳು. ಬಾಯಿ ತೆರೆದಳು. ಪ್ರಶ್ನೆ ಕೇಳಲು ಹುಟ್ಟಿದವಳಿಗೆ ಉತ್ತರ ಹೇಳುವಾಗ ಮೊದಲ ಸಾಲೇ ನೆನಪಾಗಲಿಲ್ಲ. ಕೆಂಪು ಚುಕ್ಕೆಯನ್ನೇ ನೋಡುತ್ತ ನಿಂತಳು.

ಬಾಗಿಲ ಬಳಿ ನಿಂತಿದ್ದ ತೇಪೆಯಮ್ಮ ಕಾದಳು. ಆಮೇಲೆ ಸೆರಗಿಗೆ ಚುಚ್ಚಿದ್ದ ದೊಡ್ಡ ಸೂಜಿ ತೆಗೆದುಕೊಂಡು ಪರದೆಯ ಹತ್ತಿರ ಹೋದಳು. ಅವಳಿಗೆ ಅದೇ ಬೆತ್ತ.

“ನಾನು ಮೂರನೇ ಕ್ಲಾಸು. ತಪ್ಪಿದ್ರೆ ಮೇಡಂ ಹೇಳ್ತಾರೆ. ಇಲ್ಲಿ ನೋಡಿ. ಸೊಂಟದ ಕೆಳಗೆ ಮಂಜಿನ ಹಾಗೆ ಸಣ್ಣ ಸಣ್ಣ ತೂತು. ಇದು ಗ್ಯಾಸು, ಧೂಳಿನ ಮೋಡ. ನಕ್ಷತ್ರ ಹುಟ್ಟೋದು ಇಂಥಾ ಕಡೆ. ಗ್ಯಾಸು ಒಟ್ಟಾಗುತ್ತೆ, ಭಾರ ಒತ್ತುತ್ತೆ, ನಡುಮಧ್ಯ ಕಾಯುತ್ತೆ, ಹೈಡ್ರೋಜನ್ ಬೆಸೆಯೋಕೆ ಶುರುವಾಗುತ್ತೆ. ಅವತ್ತು ಅದರ ಹುಟ್ಟಿದ ದಿನ. ಆಮೇಲೆ ಆಯುಸ್ಸಿನ ಹೆಚ್ಚು ಪಾಲು ಅದಕ್ಕೆ ಅದೇ ಕೆಲಸ. ನಮ್ಮ ಹಾಗೇನೇ, ದಿನಾ ಬೆಳಿಗ್ಗೆ ಎದ್ದು ಅದೇ.”

ಮಕ್ಕಳು ನಕ್ಕರು. ಅವಳಿಗೆ ಧೈರ್ಯ ಬಂತು.

“ಈ ನೀಲಿ ಬಹಳ ಬಿಸಿ. ನಲ್ಲಿ ಮಾತು ನಂಬಬೇಡಿ. ಈ ಕೆಂಪು ಆರಿದ್ರಾ. ದೊಡ್ಡದು, ದುಂದುಗಾರ. ಸರಕು ಮುಗೀತಾ ಬಂದಿದೆ. ಪೂರ್ತಿ ಮುಗಿದ ದಿನ ಹೊರಕ್ಕೆ ತಳ್ಳೋರು ಯಾರೂ ಇರಲ್ಲ. ಒಳಕ್ಕೆ ಕುಸಿಯುತ್ತೆ, ಸಿಡಿಯುತ್ತೆ. ಸೂಪರ್ನೋವಾ. ಉಳಿಯೋದು ಒಂದು ಊರಗಲದ ಉಂಡೆ, ನ್ಯೂಟ್ರಾನ್ ನಕ್ಷತ್ರ. ಇನ್ನೂ ಭಾರದ್ದಾದ್ರೆ ಕಪ್ಪುಕುಳಿ. ಅದರಿಂದ ಬೆಳಕೂ ಹೊರಗೆ ಬರಲ್ಲ.”

“ಇವತ್ತೇ ಸಿಡಿಯುತ್ತಾ ಅಜ್ಜಿ?” ಎಂದಳು ಎರಡು ಜಡೆಯ ಹುಡುಗಿಯೊಬ್ಬಳು.

“ಇನ್ನೂ ಸಾವಿರಾರು ವರ್ಷ ಆಗಬಹುದಂತೆ, ಲಕ್ಷವೂ ಆಗಬಹುದಂತೆ. ನೀನು ಮನೆಕೆಲಸ ಮಾಡಿಯೇ ಬರಬೇಕು.”

ಈ ಸಲ ಮೇಡಮ್ಮೂ ನಕ್ಕರು. ನಗು ಇಳಿದ ಮೇಲೆ ಅದೇ ಹುಡುಗಿ ಮೆತ್ತಗೆ ಕೇಳಿದಳು, “ಇಸ್ತ್ರಿ ತಾತ ನಕ್ಷತ್ರ ಆಗಿದಾರಾ?”

“ಇಲ್ಲ. ತಾತ ಇಸ್ತ್ರಿಯವರು.” ಅವಳು ಸೂಜಿ ಎತ್ತಿ ಹಿಡಿದಳು. “ದೊಡ್ಡ ನಕ್ಷತ್ರದ ಹೊಟ್ಟೆಯಲ್ಲಿ ಕಬ್ಬಿಣ ಹುಟ್ಟುತ್ತೆ. ಸಿಡಿದಾಗ ಕಬ್ಬಿಣ, ಬೇರೆ ಏನೇನೋ, ಎಲ್ಲಾ ಚೆಲ್ಲುತ್ತೆ. ಹೊಸ ಮೋಡಕ್ಕೆ ಸೇರುತ್ತೆ. ಅದರಿಂದ ಹೊಸ ನಕ್ಷತ್ರ, ಹೊಸ ಭೂಮಿ. ಈ ಸೂಜಿಯ ಕಬ್ಬಿಣ ಹಾಗೆ ಬಂದದ್ದು. ಅವರ ಇಸ್ತ್ರಿಪೆಟ್ಟಿಗೆಯದೂ ಹಾಗೇ. ನಿಮ್ಮ ರಕ್ತದಲ್ಲಿರೋದೂ ಹಾಗೇ. ಇದನ್ನೆಲ್ಲ ಬರೆದಿಟ್ಟವರು ತಾತ. ನಾನು ಓದಿ ಹೇಳಿದೆ ಅಷ್ಟೇ.”

ಮೊಮ್ಮಗಳು ಅಷ್ಟರಲ್ಲಿ ಅಜ್ಜಿಯ ಪಕ್ಕಕ್ಕೆ ಬಂದಿದ್ದಳು. “ಇನ್ನು ಸೂರ್ಯ ನಾನು ಹೇಳ್ತೀನಿ ಅಜ್ಜಿ,” ಎಂದಳು. ಬಿಸಿಲು ಕಿಟಕಿ ದಾಟುವವರೆಗೂ ಹೇಳಿದಳು. ನಿಲ್ಲಿಸಲು ಮೇಡಂ ಎರಡು ಸಲ ಗಡಿಯಾರ ತೋರಿಸಬೇಕಾಯಿತು.

ಪರದೆ ಶಾಲೆಯಲ್ಲೇ ಉಳಿಯಿತು. ವರ್ಷವರ್ಷವೂ ಬೇಕು ಎಂದರು ಮೇಡಂ. ಉಳಿಯಲಿ ಎಂದಳು ಅವಳು. ಆದರೆ ಬಿಚ್ಚಿದ ಜಾಗದಲ್ಲಿ ಬಟ್ಟೆಯ ಜುಂಗು ಸುಮ್ಮನಿರುವುದಿಲ್ಲ. ದಿನವೂ ಎಳೆಯೊಂದು ಎದ್ದು ತೂತಿಗೆ ಅಡ್ಡ ಬರುತ್ತದೆ, ಮೇಲೆ ಸೀಮೆಸುಣ್ಣದ ಧೂಳು ಕೂರುತ್ತದೆ.

ಅದಕ್ಕೇ ಅವಳು ಬೆಳಿಗ್ಗೆ ಪೆಟ್ಟಿಗೆಗೆ ಒಣಗಿದ ಇದ್ದಿಲು ತುಂಬಿ, ಕೆಂಡ ಹಿಡಿಯುವಷ್ಟರಲ್ಲಿ, ಸೂಜಿ ತೆಗೆದುಕೊಂಡು ಬೀದಿ ದಾಟುತ್ತಾಳೆ. ಜವಾನ ಕೋಣೆಯ ಬೀಗ ತೆಗೆದಿಟ್ಟಿರುತ್ತಾನೆ. ಅವಳು ಪರದೆಯ ಮುಂದೆ ನಿಂತು, ಹಿಂದಿನ ಕಾಗದ ಹರಿಯದಂತೆ ಒಂದೊಂದೇ ತೂತಿನ ಅಂಚಿಗೆ ಸೂಜಿ ಹಾಯಿಸಿ, ಜುಂಗು ತೆಗೆದು, ಉಫ್ ಎಂದು ಊದುತ್ತಾಳೆ. ಮೊದಲು ಆರಿದ್ರಾ. ಆಮೇಲೆ ಉಳಿದ ಎಪ್ಪತ್ತೆರಡು.